ಸಾಲ್ಸಾ ಸಂಗೀತವೂ ನಮ್ಮ ಹಲಗಿಯೂ



ಹೋದ ವರ್ಷ ಸ್ನೇಹ ಸಮ್ಮೇಲನದ ತಯಾರಿ ನಡೆದಿತ್ತು. ಒಂಬತ್ತನೆಯ ಇಯತ್ತೆಯ ನಾಲ್ವರು ಹುಡುಗಿಯರು ಒಂದು ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಹಾಡಿನ ಭಾಷೆ ನಮಗೆ ತಿಳಿಯಲಿಲ್ಲ. ಆದರೆ ಅದರ ಲಯವು ಕೇಳುವವರ ಕಾಲನ್ನು ಸುಮ್ಮನಿರಗೊಡುವಂತಿರಲಿಲ್ಲ. "ಇದು ಯಾವ ಹಾಡವಾ?" ಎಂದು ಕೇಳಿದೆವು. "ಸಾಲ್ಸಾ ರೀ ಸರ್, ಫಾರಿನ್‌ದು" ಎಂದು ಹೆಮ್ಮೆಯಿಂದ ಹೇಳಿದರು.

ಅದೇ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸರ್, ನಾ ಹಲಗಿ ತರಲೇನ್ರಿ? ನಮ್ಮಪ್ಪ ಕಲಿಸ್ಯಾನ್ರಿ" ಎಂದನು. ಉಳಿದ ಹುಡುಗರು ನಕ್ಕರು. ನಾವು ನಗಲಿಲ್ಲ, ನಿಜ. ಆದರೆ "ಬ್ಯಾಡಪಾ, ತಬಲಾ ಅದ ಅಲ್ಲ, ಸಾಕು" ಎಂದುಬಿಟ್ಟೆವು. ಹುಡುಗ ಮರುಮಾತಾಡದೆ ಕುಳಿತನು.

ಮರುದಿನ ಹುಡುಗಿಯರು "ಸಾಲ್ಸಾ ಅಂದರ ಏನ್ರಿ ಸರ್?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ತಿಳಿದುಕೊಂಡು ಹೇಳುತ್ತೇವೆಂದು ಮಾತು ಕೊಟ್ಟು, ಓದತೊಡಗಿದೆವು. ಓದುತ್ತ ಹೋದಂತೆ ನಮಗೆ ನೆನಪಾದದ್ದು ಹಿಂದಿನ ಸಾಲಿನ ಆ ಹುಡುಗ. ಏಕೆಂಬುದನ್ನು ಈ ಪಾಠವೇ ಹೇಳುವುದು.

ಸಾಲ್ಸಾ ಎಂದರೇನು?

ಸಾಲ್ಸಾ ಎಂಬುದು ಸ್ಪ್ಯಾನಿಶ್ ಭಾಷೆಯ ಶಬ್ದ. ಊಟದಲ್ಲಿ ಹಚ್ಚಿಕೊಂಡು ತಿನ್ನುವ ಖಾರದ ರಸಕ್ಕೆ ಆ ಹೆಸರು. ನಮ್ಮ ರೊಟ್ಟಿಗೆ ಶೇಂಗಾ ಹಿಂಡಿ ಹೇಗೋ ಅವರ ಊಟಕ್ಕೆ ಸಾಲ್ಸಾ ಹಾಗೆ. ಅನೇಕ ಪದಾರ್ಥ ಕೂಡಿ ಒಂದು ರುಚಿಯಾಗುವಂತೆ ಅನೇಕ ಸಂಗೀತಗಳು ಕೂಡಿ ಆದ ಸಂಗೀತಕ್ಕೆ ಈ ಹೆಸರು ಸಲ್ಲುತ್ತದೆ.

ಈ ಸಂಗೀತದ ತವರು ಕ್ಯೂಬಾ ದ್ವೀಪ. ಅಮೇರಿಕ ಸಂಯುಕ್ತ ಸಂಸ್ಥಾನದ ದಕ್ಷಿಣಕ್ಕೆ ಸಮುದ್ರದಲ್ಲಿ ಮಲಗಿದ ಮೊಸಳೆಯಂತೆ ನಕಾಶೆಯಲ್ಲಿ ಕಾಣುವ ನಾಡು ಅದು. 1492ರಲ್ಲಿ ಕೊಲಂಬಸನು ಅಲ್ಲಿಗೆ ಬಂದ ಮೇಲೆ ಅದು ಸ್ಪೇನ್ ದೇಶದ ವಸಾಹತಾಯಿತು. ಮೂಲ ನಿವಾಸಿಗಳು ರೋಗದಿಂದಲೂ ದುಡಿತದಿಂದಲೂ ಬಹುಮಟ್ಟಿಗೆ ಅಳಿದರು. ಮುಂದೆ ದುಡಿಯುವ ಕೈಗಳಿಗಾಗಿ ಆಫ್ರಿಕದಿಂದ ಮನುಷ್ಯರನ್ನು ಹಿಡಿದು ತರಲಾಯಿತು.

ಸಾಲ್ಸಾದ ವಾದ್ಯಗಳಲ್ಲಿಯೇ ಈ ಚರಿತ್ರೆಯನ್ನು ಓದಬಹುದು. ತಂತಿವಾದ್ಯವು ಸ್ಪೇನಿನ ಗಿಟಾರಿನ ಮಗಳು. ಒಣಗಿದ ಬುರುಡೆಯೊಳಗೆ ಬೀಜ ತುಂಬಿ ಅಲುಗಾಡಿಸುವ ಮರಾಕಾ ಮೂಲ ನಿವಾಸಿಗಳಲ್ಲಿದ್ದ ವಾದ್ಯ. ಅಂಗೈಯಿಂದ ಬಾರಿಸುವ ಎತ್ತರದ ಕಾಂಗಾ, ಜೋಡಿ ಬಾಂಗೋ ಇವು ಆಫ್ರಿಕದ ಡೋಲುಗಳ ಸಂತಾನ. ದನದ ಕೊರಳಿನ ಗಂಟೆಯನ್ನೂ ಅವರು ಕೋಲಿನಿಂದ ಬಾರಿಸಿ ವಾದ್ಯ ಮಾಡಿಕೊಂಡರು. ಕಾಂಗಾಕ್ಕೆ ಕ್ಯೂಬಾದಲ್ಲಿ ತುಂಬಾದೋರಾ ಎಂಬ ಹೆಸರೂ ಉಂಟು. ನಮ್ಮ ಕಡೆಯ ಆರ್ಕೆಸ್ಟ್ರಾದವರು "ತುಂಬಾ ತಗೊಂಡ್ ಬಾ" ಎನ್ನುವುದನ್ನು ನೀವು ಕೇಳಿರಬಹುದು. ಅದು ನಮ್ಮ ಕನ್ನಡದ "ತುಂಬಾ" ಅಲ್ಲ, ಕ್ಯೂಬಾದ ಡೋಲಿನ ಹೆಸರು!

ಕಬ್ಬಿನ ಹೊಲದಲ್ಲಿ ಉಳಿದ ಡೋಲು

ಕಬ್ಬು ಸೊಲ್ಲಾಪುರ ಜಿಲ್ಲೆಯವರಿಗೆ ಹೊಸದಲ್ಲ. ಕಬ್ಬು ಕಡಿಯುವ ಕೈಗೆ ಬೀಳುವ ಗಾಯ, ಸುಗ್ಗಿಯಲ್ಲಿ ಗಾಣಕ್ಕಿರುವ ಅವಸರ ನಿಮಗೆ ಗೊತ್ತಿವೆ. ಕ್ಯೂಬಾದ ಕಬ್ಬಿನ ತೋಟಗಳಲ್ಲಿ ಈ ಕೆಲಸವನ್ನು ಸಂಬಳವಿಲ್ಲದೆ, ಚಾಟಿಯ ಕೆಳಗೆ ಮಾಡಿದವರು ಆಫ್ರಿಕದ ಗುಲಾಮರು. ಅಟ್ಲಾಂಟಿಕ್ ಸಾಗರದಾಚೆಗೆ ಹಡಗುಗಳಲ್ಲಿ ಸಾಗಿಸಲ್ಪಟ್ಟ ಆಫ್ರಿಕನರ ಒಟ್ಟು ಸಂಖ್ಯೆ ಸುಮಾರು 1 ಕೋಟಿ 25 ಲಕ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ದಾರಿಯಲ್ಲಿಯೇ ಸತ್ತವರು ಲಕ್ಷಗಟ್ಟಲೆ. ಕ್ಯೂಬಾ ಒಂದಕ್ಕೇ ಏಳೆಂಟು ಲಕ್ಷ ಜನ ತರಲ್ಪಟ್ಟರು. ಅಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು 1886ರಲ್ಲಿ.

ಹಡಗು ಹತ್ತಿದವನು ತನ್ನ ಊರು, ಹೊಲ, ಬಂಧುಗಳನ್ನು ಬಿಟ್ಟು ಬಂದನು. ಇಳಿದ ಮೇಲೆ ಒಡೆಯನು ಅವನಿಗೆ ಹೊಸ ಹೆಸರಿಟ್ಟನು. ಮಕ್ಕಳ ಕಾಲಕ್ಕೆ ಮನೆಯ ಮಾತೂ ಸವೆಯಿತು. ಉಳಿದದ್ದು ಕೈಯೊಳಗಿದ್ದ ಲಯ.

ಅದಾದರೂ ಉಳಿದದ್ದು ಹೇಗೆ? ಉತ್ತರ ಅಮೇರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ 1739ರ ಬಂಡಾಯದ ಬಳಿಕ, 1740ರ ಕಾನೂನು ಗುಲಾಮರಿಗೆ ಡೋಲನ್ನೇ ನಿಷೇಧಿಸಿತು. ಡೋಲಿನ ಸದ್ದು ದೂರದವರಿಗೆ ಸುದ್ದಿ ಮುಟ್ಟಿಸೀತೆಂಬ ಭಯ ಒಡೆಯರಿಗೆ ಇತ್ತು. ಕ್ಯೂಬಾದಲ್ಲಿ ಮಾತ್ರ ಒಂದೊಂದು ಸೀಮೆಯಿಂದ ಬಂದ ಆಫ್ರಿಕನರು ತಮ್ಮ ತಮ್ಮ ಕೂಟಗಳನ್ನು ಕಟ್ಟಿಕೊಳ್ಳಲು ಅವಕಾಶವಿತ್ತು. ಹಬ್ಬದ ದಿನಗಳಲ್ಲಿ ಅವರು ಡೋಲು ಬಾರಿಸಿ ಕುಣಿಯುತ್ತಿದ್ದರು. ಪ್ರತಿವರ್ಷ ಜನವರಿ 6ರಂದು ಹವಾನಾ ನಗರದ ಬೀದಿಗಳಲ್ಲಿ ಅವರ ಮೆರವಣಿಗೆ ಹೊರಡುತ್ತಿತ್ತು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಕೋಲಿನ ಹಿಂದೆ ನಡೆದವರಿಗೆ ಆ ದಿನದ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೊರುಬಾ ಜನರು ಬಾತಾ ಎಂಬ ಮೂರು ಡೋಲುಗಳನ್ನು ಉಳಿಸಿಕೊಂಡರು. ನಮ್ಮ ಡೊಳ್ಳಿನಂತೆ ಎರಡೂ ಕಡೆ ತೊಗಲಿರುವ ಈ ಡೋಲುಗಳಲ್ಲಿ ಎಲ್ಲಕ್ಕೂ ದೊಡ್ಡದಕ್ಕೆ ಇಯಾ, ಅಂದರೆ ತಾಯಿ, ಎಂದು ಹೆಸರು. ಡೋಲು ಸಿಗದ ಕಡೆ ಬಡವರು ಬಂದರಿನ ಕಟ್ಟಿಗೆಯ ಪೆಟ್ಟಿಗೆಗಳನ್ನೇ ಬೋರಲು ಹಾಕಿ ಬಾರಿಸಿದರು. ಹವಾನಾ ಮತ್ತು ಮತಾನ್ಸಾಸ್ ಊರುಗಳ ಬಡವರ ಓಣಿಗಳಲ್ಲಿ ಹೀಗೆ ಹುಟ್ಟಿದ ಹಾಡು-ಕುಣಿತವೇ ರುಂಬಾ. ದ್ವೀಪದ ಪೂರ್ವಭಾಗದ ಹಳ್ಳಿಗಳಲ್ಲಿ ಸ್ಪೇನಿನ ತಂತಿಯೂ ಆಫ್ರಿಕದ ಡೋಲೂ ಕೂಡಿ ಸೋನ್ ಎಂಬ ಇನ್ನೊಂದು ಸಂಗೀತವಾಯಿತು. ಇಂದಿನ ಸಾಲ್ಸಾದ ಬೆನ್ನೆಲುಬು ಈ ಸೋನ್.

ಐದು ಪೆಟ್ಟಿನ ಕೀಲಿಕೈ

ಈಗ ಪುಸ್ತಕ ಕೆಳಗಿಟ್ಟು ಕೈಗೆ ಕೆಲಸ ಕೊಡೋಣ. ಸಮವಾಗಿ 1ರಿಂದ 16ರ ವರೆಗೆ ಎಣಿಸಿರಿ. ನಿಲ್ಲದೆ ಮತ್ತೆ 1ಕ್ಕೆ ಬನ್ನಿರಿ. ಎಣಿಕೆ ಕುದುರಿದ ಮೇಲೆ ಈ ಐದು ಸಂಖ್ಯೆಗಳ ಮೇಲೆ ಮಾತ್ರ ಚಪ್ಪಾಳೆ ತಟ್ಟಿರಿ:

1 — 4 — 7 — 11 — 13

ಮೊದಲ ಎಂಟರಲ್ಲಿ ಮೂರು ಪೆಟ್ಟು, ಮುಂದಿನ ಎಂಟರಲ್ಲಿ ಎರಡು. ಇದಕ್ಕೆ ಕ್ಲಾವೆ ಎನ್ನುತ್ತಾರೆ. ಸ್ಪ್ಯಾನಿಶ್ ಭಾಷೆಯಲ್ಲಿ ಕ್ಲಾವೆ ಎಂದರೆ ಕೀಲಿಕೈ. ಗಟ್ಟಿ ಕಟ್ಟಿಗೆಯ ಎರಡು ಗಿಡ್ಡ ಕೋಲುಗಳಿಂದ ಇದನ್ನು ನುಡಿಸುತ್ತಾರೆ. ಆ ಕೋಲುಗಳಿಗೂ ಅದೇ ಹೆಸರು. ಕೆಲವು ಹಾಡುಗಳಲ್ಲಿ ಕೋಲಿನ ಸದ್ದೇ ಇರುವುದಿಲ್ಲ. ಆದರೂ ಹಾಡುವವರು, ಬಾರಿಸುವವರು, ಕುಣಿಯುವವರು ಎಲ್ಲರೂ ಆ ಐದು ಪೆಟ್ಟನ್ನು ಮನಸ್ಸಿನಲ್ಲಿಯೇ ಕೇಳುತ್ತ ನಡೆಯುತ್ತಾರೆ. ಅದನ್ನು ತಪ್ಪಿದವನು ಸಾಲ್ಸಾ ತಪ್ಪಿದಂತೆ.

ತಬಲಾ ಕಲಿತ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ನಮ್ಮ ತೀನತಾಲಕ್ಕೂ ಮಾತ್ರೆಗಳು 16. ನಮ್ಮ ತಾಳಿ 1, 5, 13ರ ಮೇಲೆ, 9 ಖಾಲಿ. ಅವರ ಪೆಟ್ಟು 1ರಲ್ಲಿಯೂ 13ರಲ್ಲಿಯೂ ನಮ್ಮ ತಾಳಿಯೊಡನೆ ಕೂಡುತ್ತದೆ. ನಡುವೆ ತನ್ನ ದಾರಿ ಹಿಡಿಯುತ್ತದೆ. ನಾವು ನಾಲ್ಕು ನಾಲ್ಕರ ಸಮ ಹೆಜ್ಜೆ ಇಟ್ಟರೆ ಅವರು 3, 3, 4, 2, 4 ಎಂದು ಹೆಜ್ಜೆ ಮುರಿದು ನಡೆಯುತ್ತಾರೆ. ಕಾಲು ಸುಮ್ಮನಿರಲಾರದ್ದು ಈ ಮುರಿತದಿಂದಲೇ.

ಇನ್ನೊಂದು ಹೋಲಿಕೆಯೂ ಇದೆ. ಸೋನ್ ಮತ್ತು ಸಾಲ್ಸಾ ಹಾಡುಗಳ ಕೊನೆಯ ಭಾಗದಲ್ಲಿ ಮುಂದಾಳು ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟಿ ಹಾಡುತ್ತಾನೆ. ಉಳಿದವರು ಒಂದೇ ಸೊಲ್ಲನ್ನು ಮತ್ತೆ ಮತ್ತೆ ತಿರುಗಿ ಹಾಡುತ್ತಾರೆ. ಗೀಗಿ ಪದದಲ್ಲಿ ಹಿಂದಿನವರು "ಗೀಯ ಗೀಯ" ಎಂದು ಸೊಲ್ಲು ಹಿಡಿಯುವುದನ್ನು, ಕಣದಲ್ಲಿ ಹಂತಿ ಪದ ಹಾಡುವುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ದುಡಿಯುವ ಜನ ಎಲ್ಲಿದ್ದರೂ ಒಬ್ಬರ ದನಿಗೆ ಹತ್ತು ಜನ ದನಿಗೂಡಿಸಿಯೇ ದಣಿವು ಮರೆಯುತ್ತಾರೆ.

ಕೀಳೆನಿಸಿದ್ದು ಮೇಲೇರಿದ ಬಗೆ

ಈ ಸಂಗೀತಕ್ಕೆ ಮೊದಲೇ ಮರ್ಯಾದೆ ಇತ್ತೆಂದು ತಿಳಿಯಬೇಡಿರಿ. ಗುಲಾಮಗಿರಿ ಹೋದರೂ ತಿರಸ್ಕಾರ ಹೋಗಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಕ್ಯೂಬಾದ ಅಧಿಕಾರಿಗಳು ಆಫ್ರಿಕದ ಡೋಲುಗಳ ಮೇಲೂ ಬೀದಿ ಮೇಳಗಳ ಮೇಲೂ ನಿರ್ಬಂಧ ಹಾಕಿದರು. ದೊಡ್ಡವರ ದಿವಾನಖಾನೆಗಳಲ್ಲಿ ಪಿಯಾನೊ, ಪಿಟೀಲು ಇರಬೇಕು. ಡೋಲು ಕೀಳುಜನರ ವಾದ್ಯವೆಂಬುದು ಆ ಕಾಲದ ಮಾತು.

ಆ ಮಾತನ್ನು ಸುಳ್ಳು ಮಾಡಿದವರಲ್ಲಿ ಆರ್ಸೇನಿಯೊ ರೊಡ್ರಿಗೆಸ್ (1911–1970) ಮುಖ್ಯನು. ಆತನ ಹಿರಿಯರು ಕಾಂಗೋ ಸೀಮೆಯಿಂದ ಬಂದ ಗುಲಾಮರು. ಚಿಕ್ಕಂದಿನಲ್ಲಿ ಪ್ರಾಣಿಯೊಂದು ಒದ್ದು ಆತನು ಎರಡೂ ಕಣ್ಣು ಕಳೆದುಕೊಂಡನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹುಟ್ಟಿ, ಕಣ್ಣಿಲ್ಲದೆಯೇ ನಾಡಿಗೆ ಸಂಗೀತದ ದಾರಿ ತೋರಿದ ಗದುಗಿನ ಪುಟ್ಟರಾಜ ಗವಾಯಿಗಳ (1914–2010) ನೆನಪು ನಮಗಾಗದೆ ಇರದು. ಆರ್ಸೇನಿಯೊ ಮೂರು ಜೋಡಿ ತಂತಿಯ ತ್ರೆಸ್ ವಾದ್ಯದಲ್ಲಿ ನಿಪುಣನಾದನು. 1940ರ ದಶಕದಲ್ಲಿ ಆತನು ಸೋನ್ ಮೇಳಕ್ಕೆ ಪಿಯಾನೊ, ಹೆಚ್ಚಿನ ತುತ್ತೂರಿಗಳ ಜೊತೆಗೆ ಕಾಂಗಾ ಡೋಲನ್ನು ತಂದು ನಿಲ್ಲಿಸಿದನು. ಓಣಿಯ ಡೋಲು ವೇದಿಕೆ ಏರಿತು. ಇಂದಿನ ಸಾಲ್ಸಾ ಮೇಳದ ಸ್ವರೂಪ ಬಹುಪಾಲು ಆತನು ಕಟ್ಟಿಕೊಟ್ಟದ್ದು.

ಕ್ಯೂಬಾದಿಂದಲೂ ನೆರೆಯ ಪೋರ್ಟೊ ರಿಕೊ ದ್ವೀಪದಿಂದಲೂ ಹೊಟ್ಟೆಪಾಡಿಗೆ ನ್ಯೂಯಾರ್ಕಿಗೆ ಹೋದವರು ತಮ್ಮ ಲಯವನ್ನು ಜೊತೆಗೊಯ್ದರು. 1940ರಲ್ಲಿ ಅಲ್ಲಿ ಮಾಚಿತೊ ಎಂಬ ಗಾಯಕನು ತನ್ನ ವಾದ್ಯವೃಂದವನ್ನು ಕಟ್ಟಿದಾಗ ಅದರ ಹೆಸರಿನಲ್ಲಿಯೇ "ಆಫ್ರೋ-ಕ್ಯೂಬನ್ನರು" ಎಂದು ಸೇರಿಸಿದನು. ಮುಚ್ಚಿಡಬೇಕಾದ ಮೂಲವನ್ನು ಫಲಕದ ಮೇಲೆ ಬರೆಸುವುದಕ್ಕೆ ಆಗ ಎದೆಗಾರಿಕೆ ಬೇಕಿತ್ತು. ಮಾಂಬೊ, ಚಾ-ಚಾ-ಚಾ ಕುಣಿತಗಳು ಜಗತ್ತಿಗೆ ಹಬ್ಬಿದವು. 1964ರಲ್ಲಿ ಜಾನಿ ಪಚೇಕೊ ಮತ್ತು ಜೆರ್ರಿ ಮಸೂಚಿ ಎಂಬವರು ಫಾನಿಯಾ ಎಂಬ ಧ್ವನಿಮುದ್ರಿಕೆಯ ಸಂಸ್ಥೆ ತೆರೆದರು. 1970ರ ದಶಕದಲ್ಲಿ ಈ ಎಲ್ಲ ಸಂಗೀತಕ್ಕೂ ಸಾಲ್ಸಾ ಎಂಬ ಒಂದೇ ಹೆಸರು ನೆಲೆಯೂರಿತು. ಟಿಂಬಾಲೆ ಡೋಲಿನ ಟಿಟೊ ಪ್ಯುಯೆಂಟೆ (1923–2000), ಗಾಯಕಿ ಸೀಲಿಯಾ ಕ್ರೂಸ್ (1925–2003) ಮನೆಮಾತಾದರು. ಸೀಲಿಯಾ 1960ರಲ್ಲಿ ಕ್ಯೂಬಾ ಬಿಟ್ಟವಳು. 1962ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಸರಕಾರ ಅವಳಿಗೆ ಅಪ್ಪಣೆ ಕೊಡಲಿಲ್ಲ. ಕೇಳುವವರು ಕುಣಿಯುವ ಹಾಡಿನ ಹಿಂದೆ ಹಾಡುವವರ ಇಂಥ ದುಃಖವೂ ಇರುತ್ತದೆ.

ನಮ್ಮ ಕುಂಭಾರಿಯಲ್ಲಿ 2006ರಲ್ಲಿ ಬೀಡಿ ಕಾರ್ಮಿಕರಿಗಾಗಿ ಗೋದೂತಾಯಿ ಪರುಳೇಕರ ವಸಾಹತು ಆಯಿತು. ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗಾಗಿ ಒಂದು ಮಾತು: ಕೊಂಪೈ ಸೆಗುಂದೊ (1907–2003) ಎಂಬ ಸೋನ್ ಗಾಯಕನು ಹವಾನಾದಲ್ಲಿ ಅನೇಕ ವರ್ಷ ಚುಟ್ಟಾ ಸುತ್ತಿ ಹೊಟ್ಟೆ ಹೊರೆದನು. 1996ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಇತರ ಹಿರಿಯ ಕಲಾವಿದರೊಡನೆ ಹಾಡಿದ ಧ್ವನಿಮುದ್ರಿಕೆಯಿಂದ ಜಗತ್ತೇ ಅವನನ್ನು ಗುರುತಿಸಿತು. ತಂಬಾಕು ದೇಹಕ್ಕೆ ಕೆಟ್ಟದ್ದು. ಆದರೆ ಅದನ್ನು ಸುತ್ತುವ ಕೈ ಕೀಳಲ್ಲ. ಒಮ್ಮೆ ಪೆಟ್ಟಿಗೆ ಬಡಿಯುವವರ ಗದ್ದಲವೆನಿಸಿದ್ದ ರುಂಬಾವನ್ನು 2016ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕನ್ನಡ ನಾಡಿನ ಆಫ್ರಿಕ

ಆಫ್ರಿಕದ ಡೋಲು ಪಶ್ಚಿಮಕ್ಕೆ ಮಾತ್ರ ಹೋಯಿತೇ? ಇಲ್ಲ, ನಮ್ಮ ಕಡೆಗೂ ಬಂದಿತು. ಇತಿಹಾಸದ ತಾಸಿನಲ್ಲಿ ನೀವು ಮಲಿಕ್ ಅಂಬರನ ಹೆಸರು ಕೇಳಿದ್ದೀರಿ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಲ್ಪಟ್ಟು, ಅಹಮದನಗರದ ನಿಜಾಮಶಾಹಿಯ ಆಧಾರಸ್ತಂಭವಾದ ವೀರನು ಆತ. 1625ರಲ್ಲಿ ನಮ್ಮ ಸೊಲ್ಲಾಪುರದ ಕೋಟೆಯನ್ನೂ ಗೆದ್ದುಕೊಂಡಿದ್ದನು. ಮರುವರ್ಷ ತೀರಿಕೊಂಡನು.

ಅಂಬರನಂತೆ ಮೇಲೇರಿದವರು ಕೆಲವರು. ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದ ಸಾಮಾನ್ಯ ಜನ ಅನೇಕರು. ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಅವರ ಸಂತತಿಯವರೇ ಕರ್ನಾಟಕದ ಸಿದ್ದಿಗಳು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆಗಳಲ್ಲಿ ಅವರ ಊರುಗಳಿವೆ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿಯೂ ಇದ್ದಾರೆ. ಅವರಲ್ಲಿ ಹಿಂದುಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಉಂಟು. ಕನ್ನಡ, ಕೊಂಕಣಿ, ಉರ್ದು ಅವರ ನಾಲಗೆಯ ಮೇಲಿನ ಭಾಷೆಗಳು. ಆಫ್ರಿಕದ ಮಾತು ಹೋಗಿಬಿಟ್ಟಿದೆ. ಆದರೆ ಡಮಾಮಿ ಇದೆ. ಮರದ ಒಡಲಿಗೆ ತೊಗಲು ಬಿಗಿದ ಆ ಡೋಲಿನ ಹೆಸರೇ ಅವರ ಹಾಡು-ಕುಣಿತಕ್ಕೂ ಆಗಿದೆ. ಹಗಲಿಡೀ ದುಡಿದು ಬಂದವರು ಡಮಾಮಿಯ ಸುತ್ತ ಕೂಡಿದರೆ ಧರ್ಮದ ಭೇದ ಹಿಂದೆ ಸರಿಯುತ್ತದೆ.

ಕೂದಲು, ಬಣ್ಣ ನೋಡಿ "ನೀವು ಯಾವ ದೇಶದವರು?" ಎಂದು ಸ್ವಂತ ನಾಡಿನಲ್ಲಿಯೇ ಕೇಳಿಸಿಕೊಳ್ಳುವ ನೋವು ಈ ಕನ್ನಡಿಗರದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆಯಿತು. 2020ರಲ್ಲಿ ಅದು ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೂ ಮುಟ್ಟಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮಾಜದಿಂದ ಅಲ್ಲಿ ಕುಳಿತ ಮೊದಲಿಗರಾದರು.

ಎರಡು ಸಾಗರ, ಒಂದು ಶಬ್ದ

ನಾವು ಭಾಷೆ ಕಲಿಸುವವರಾದುದರಿಂದ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಶಬ್ದ. ನಾವು ಕಣ್ಣು ಎನ್ನುತ್ತೇವೆ. ಸೊಲ್ಲಾಪುರದ ನಮ್ಮ ತೆಲುಗು ನೆರೆಯವರು ಕನ್ನು ಎನ್ನುತ್ತಾರೆ. ಒಂದೇ ಮನೆತನದ ಭಾಷೆಗಳಾದುದರಿಂದ ಶಬ್ದಗಳಿಗೂ ನೆಂಟಸ್ತಿಕೆ. ಹಾಗೆಯೇ ಆಫ್ರಿಕದಲ್ಲಿ ಬಾಂಟು ಎಂಬ ದೊಡ್ಡ ಭಾಷಾ ಕುಟುಂಬವಿದೆ. ಪೂರ್ವ ಕರಾವಳಿಯ ಸ್ವಾಹಿಲಿಯೂ ಪಶ್ಚಿಮದ ಕಾಂಗೋ ಭಾಷೆಯೂ ಆ ಕುಟುಂಬದವು. ಎರಡರಲ್ಲಿಯೂ ಡೋಲಿಗೆ "ಙೋಮಾ" ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಕುಣಿತಕ್ಕೂ ಅದೇ ಮಾತು.

ಕ್ಯೂಬಾದಲ್ಲಿ ಕಾಂಗೋ ಮೂಲದವರು ತಮ್ಮ ಡೋಲಿಗೆ ಙೋಮಾ ಎಂಬ ಹೆಸರನ್ನು ಉಳಿಸಿಕೊಂಡರು. ಇತ್ತ ಗುಜರಾತಿನ ಸಿದ್ದಿಗಳು ತಮ್ಮ ಕುಣಿತಕ್ಕೆ "ಗೋಮಾ" ಎನ್ನುತ್ತಾರೆ. ನಡುವೆ ಎರಡು ಮಹಾಸಾಗರಗಳು, ನೂರಾರು ವರ್ಷಗಳು. ಇವರಿಗೆ ಅವರ ಸುದ್ದಿ ಇಲ್ಲ, ಅವರಿಗೆ ಇವರದಿಲ್ಲ. ಇಬ್ಬರಿಗೂ ಆ ಭಾಷೆಯನ್ನು ಶಾಲೆಯಲ್ಲಿ ಯಾರೂ ಕಲಿಸಲಿಲ್ಲ. ಡೋಲು ಉಳಿದುದರಿಂದ ಅದರೊಡನೆ ಈ ಒಂದು ಶಬ್ದವೂ ಉಳಿಯಿತು.

ಬಂಧುಗಳೇ, ಇಲ್ಲಿಯೇ ನಮಗೆ ನಮ್ಮ ತಪ್ಪು ಕಂಡದ್ದು. ಕ್ಯೂಬಾದ ಒಡೆಯರು ಡೋಲಿಗೆ ಹೇಳಿದ ಮಾತನ್ನೇ, ಇಷ್ಟು ಓದಿದ ನಾವು, ನಮ್ಮ ವರ್ಗದ ಹುಡುಗನ ಹಲಗಿಗೆ ಹೇಳಿದ್ದೆವು. ಜಾತ್ರೆಗೆ, ಮದುವೆಗೆ, ಕೊನೆಗೆ ಮಣ್ಣಿಗೆ ಹೋಗುವಾಗಲೂ ಹಲಗಿ ಬೇಕು. ಶಾಲೆಯ ವೇದಿಕೆಗೆ ಮಾತ್ರ ಬೇಡ ಎಂದರೆ ಏನರ್ಥ? ಮನೆಯ ವಾದ್ಯಕ್ಕೆ ನಾಚಿದ ಮಗುವು ನಾಳೆ ಮನೆಯ ಮಾತಿಗೂ ನಾಚುತ್ತದೆ. ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ ಆಡಲು ಹಿಂಜರಿಯುವ ನಮ್ಮ ಮಕ್ಕಳನ್ನು ಕಂಡು ನಾವು ಮರುಗುತ್ತೇವೆ. ಆ ಹಿಂಜರಿಕೆಯ ಒಂದು ಬೀಜವನ್ನು ನಾವೇ ಬಿತ್ತಿದ್ದೆವು.

ಈ ವರ್ಷ ಆ ಹುಡುಗನನ್ನು ಕರೆದು, "ಹೋದ ವರ್ಷ ನಮ್ಮದು ತಪ್ಪಾತು, ಈ ಸಲ ಹಲಗಿ ತರತೀ ಏನಪಾ?" ಎಂದು ಕೇಳಿದೆವು. ಅವನು ಕೂಡಲೇ ಒಪ್ಪಲಿಲ್ಲ. "ಅಪ್ಪನ್ನ ಕೇಳತೀನ್ರಿ" ಎಂದನು. ಮೂರನೆಯ ದಿನ ತಂದೆಯೇ ಹಲಗಿ ಹಿಡಿದು ಬಂದರು. ಶಾಲೆಯ ಹಿಂದೆ ಕಬ್ಬಿನ ರವದಿಗೆ ಬೆಂಕಿ ಹಚ್ಚಿ ತೊಗಲು ಕಾಯಿಸಿದರು. ಹುಡುಗಿಯರು ಐದು ಪೆಟ್ಟಿನ ಚಪ್ಪಾಳೆ ಹಿಡಿದರು. ಮೊದಲು ಕೂಡಲಿಲ್ಲ, ಹಲಗಿ ಒಂದು ಕಡೆ, ಚಪ್ಪಾಳೆ ಒಂದು ಕಡೆ ಎಳೆದವು. ತಂದೆ ಕಣ್ಣು ಮುಚ್ಚಿ ನಾಲ್ಕು ಸಲ ಚಪ್ಪಾಳೆ ಕೇಳಿ, "ಹೂಂ, ಇದು ಕುಂಟಕೋತ ನಡೀತದ. ನೀ ನೆಟ್ಟಗ ಬಾರಸು, ತಾನಽ ಬಂದು ಕೂಡತದ" ಎಂದು ಮಗನಿಗೆ ಹೇಳಿದರು. ಹಾಗೆಯೇ ಆಯಿತು. ಹೋದ ವರ್ಷ ನಕ್ಕ ಹುಡುಗರೇ ಈ ಸಲ ಕೋಲು ಹಿಡಿಯಲು ಸಾಲು ನಿಂತರು. ತಂದೆ ಹೋಗುವಾಗ ನಮಗೆ ಕೈಮುಗಿಯಬಂದರು. ಅವರಿಗಿಂತ ಮೊದಲೇ ನಾವು ಕೈಮುಗಿದೆವು.

ಅಭ್ಯಾಸ

1. ಕ್ಯೂಬಾದ ನಕಾಶೆ ತೆಗೆದು ಹವಾನಾ, ಮತಾನ್ಸಾಸ್ ಊರುಗಳನ್ನು ಗುರುತಿಸಿರಿ.
2. ಸಾಲ್ಸಾದ ವಾದ್ಯಗಳಲ್ಲಿ ಯಾವುದು ಯಾವ ಜನರಿಂದ ಬಂದಿತು? ಪಟ್ಟಿ ಮಾಡಿರಿ.
3. ಒಬ್ಬರು ತೀನತಾಲದ ತಾಳಿ, ಇನ್ನೊಬ್ಬರು ಕ್ಲಾವೆ ಹಿಡಿಯಿರಿ. ಯಾವ ಮಾತ್ರೆಗಳಲ್ಲಿ ಕೂಡುತ್ತೀರಿ?
4. "ಙೋಮಾ" ಶಬ್ದದ ಕಥೆಯನ್ನು ನಿಮ್ಮ ಮಾತಿನಲ್ಲಿ ಹತ್ತು ಸಾಲು ಬರೆಯಿರಿ.
5. ನಿಮ್ಮ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಹಲಗಿ, ಡೊಳ್ಳು, ಚೌಡಕಿ, ಸಂಬಾಳ ಬಾರಿಸುವ ಹಿರಿಯರ ಬಳಿ ಕುಳಿತು, ಅವರು ಪೆಟ್ಟುಗಳಿಗೆ ಏನೇನು ಹೆಸರು ಹೇಳುತ್ತಾರೆಂಬುದನ್ನು ಅವರ ಮಾತಿನಲ್ಲಿಯೇ ವಹಿಯಲ್ಲಿ ಬರೆದು ತನ್ನಿರಿ. ಪಾಲಕರು ಈ ಪ್ರಶ್ನೆಗೆ ಮಕ್ಕಳಿಗೆ ನೆರವಾಗಬೇಕೆಂದು ನಮ್ಮ ವಿನಂತಿ. ಉಳಿದ ನಾಲ್ಕು ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರ ಸಿಗುವುದು. ಈ ಐದನೆಯದಕ್ಕೆ ನಿಮ್ಮಲ್ಲಿಯೇ ಸಿಗಬೇಕು.